ಹೊನ್ನಿನ ಮೇಲಣ ನಂಬಿಕೆ ಮತ್ತು ಇಂದಿನ ಚಿನಿವಾರ ಪೇಟೆ

ಬೇಡಿಕೆ ಮತ್ತು ಪೂರೈಕೆಗಳು ಬೆಲೆಯನ್ನು ನಿರ್ಣಯಿಸುತ್ತವೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಬೇಡಿಕೆಯು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಜನಜೀವನದ ಇತಿಹಾಸದಲ್ಲಿಯೇ ಅರಸಬೇಕಾಗುತ್ತದೆ. ನಮ್ಮ ದೇಶದ ಚಿನ್ನದ ವ್ಯಾಪಾರವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಕನ್ನಡದಲ್ಲಿ ‘ಹೊನ್ನು’ ಎಂಬ ಒಂದೇ ಶಬ್ದವು ಲೋಹಕ್ಕೂ ನಾಣ್ಯಕ್ಕೂ ಸಲ್ಲುತ್ತದೆ. ಶಾಸನೋಕ್ತ ದತ್ತಿಗಳಲ್ಲಿ ಗದ್ಯಾಣಗಳ ಲೆಕ್ಕ ಹೇರಳವಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದು, ಸ್ತ್ರೀಧನದ ಅರ್ಥವನ್ನು ವಿಸ್ತಾರಗೊಳಿಸಿದನು. ಆದರೂ ಬಳಕೆಯಲ್ಲಿ ಹೊಲಮನೆಗಳು ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಉಳಿದವು. ಹೆಣ್ಣುಮಗಳು ತನ್ನದೆಂದು ಹೇಳಿಕೊಳ್ಳಬಹುದಾದುದು ತವರಿನಿಂದ ತಂದ ಒಡವೆ ಮಾತ್ರ. ಬರಗಾಲದಲ್ಲಿ, ವೈಧವ್ಯದಲ್ಲಿ, ರೋಗದಲ್ಲಿ ಅದೇ ಆಪದ್ಧನ. ಚಿನ್ನದ ಮೇಲಣ ನಂಬಿಕೆಯ ಬೇರು ಕೇವಲ ಆಡಂಬರದಲ್ಲಿಲ್ಲ; ಈ ಅವಶ್ಯಕತೆಯಲ್ಲಿದೆ.

1962ರ ಚೀನಾ ಯುದ್ಧದ ತರುವಾಯ ವಿದೇಶೀ ವಿನಿಮಯದ ಕೊರತೆಯನ್ನೂ ಕಳ್ಳಸಾಗಣೆಯನ್ನೂ ತಡೆಯಲೆಂದು ಸರ್ಕಾರವು ಈ ಬೇರನ್ನೇ ಕೀಳಲು ಯತ್ನಿಸಿತು. ಮೊರಾರ್ಜಿ ದೇಸಾಯಿಯವರು ಅರ್ಥಸಚಿವರಾಗಿದ್ದಾಗ, 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧಿಯ ಹೊಸ ಒಡವೆಗಳ ತಯಾರಿಕೆಯನ್ನು ನಿಷೇಧಿಸಿದವು. ಚಿನ್ನದ ಅಂಶ ನೂರಕ್ಕೆ 58ರಷ್ಟೇ ಇರುವ ಒಡವೆಯನ್ನು ಮಗಳಿಗೆ ಕೊಡಲು ಯಾವ ತಾಯಿತಂದೆಯರೂ ಮನಸ್ಸು ಮಾಡಲಿಲ್ಲ. ಬೇಡಿಕೆ ಅಳಿಯಲಿಲ್ಲ, ಮರೆಗೆ ಸರಿಯಿತು, ಕಳ್ಳಸಾಗಣೆಯೂ ನಿಲ್ಲಲಿಲ್ಲ. ಕುಲುಮೆ ಮತ್ತು ಚಿಮಟಗಳನ್ನೇ ನೆಚ್ಚಿದ್ದ ಸಹಸ್ರಾರು ಅಕ್ಕಸಾಲಿಗರ ಜೀವನೋಪಾಯ ತಪ್ಪಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1966ರಲ್ಲಿ ಈ 14 ಕ್ಯಾರಟ್ ನಿರ್ಬಂಧವನ್ನು ಕೈಬಿಡಲಾಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆಯೂ 1990ರಲ್ಲಿ ರದ್ದಾಯಿತು.

ಮರುವರ್ಷವೇ, 1991ರಲ್ಲಿ, ವಿದೇಶೀ ವಿನಿಮಯವು ಬರಿದಾಗುತ್ತ ಬಂದಾಗ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಟ್ಟು ಸಾಲ ಪಡೆಯಿತು. ಆಪತ್ತಿನಲ್ಲಿ ಗೃಹಿಣಿಯೊಬ್ಬಳು ಮಾಡುವ ಕಾರ್ಯವನ್ನೇ ರಾಷ್ಟ್ರವೂ ಮಾಡಿದಂತಾಯಿತು.

2015ರ ನವೆಂಬರಿನಲ್ಲಿ ಸರ್ಕಾರವು ಮತ್ತೊಂದು ಮಾರ್ಗವನ್ನು ಹಿಡಿಯಿತು: ಮನೆಯ ಚಿನ್ನವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿ ಪಡೆಯುವ ಯೋಜನೆ. ಲೆಕ್ಕದಲ್ಲಿ ಇದು ಲಾಭಕರವೇ ಸರಿ. ಆದರೆ ಠೇವಣಿಯಾದ ಒಡವೆಯನ್ನು ಕರಗಿಸಲಾಗುತ್ತಿತ್ತು. ಅಜ್ಜಿಯ ಸರ ಅದೇ ರೂಪದಲ್ಲಿ ಮರಳಿ ಬಾರದೆಂದಮೇಲೆ ಗೃಹಸ್ಥರು ಹಿಂಜರಿದುದು ಸಹಜ. ಇದರ ಮಧ್ಯಮಾವಧಿ ಮತ್ತು ದೀರ್ಘಾವಧಿ ಠೇವಣಿಗಳನ್ನು 2025ರ ಮಾರ್ಚಿನಲ್ಲಿ ನಿಲ್ಲಿಸಲಾಯಿತು. ಇದಕ್ಕೆ ಪ್ರತಿಯಾಗಿ, 2021ರ ಜೂನಿನಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆಯು ನೆಲೆಯೂರಿತು. 1963ರ ನಿಯಮ ಶುದ್ಧಿಯನ್ನು ನಿಷೇಧಿಸಿತ್ತು; 2021ರ ನಿಯಮ ಶುದ್ಧಿಗೆ ಸಾಕ್ಷಿಯಾಯಿತು. ಒಂದು ಜನರ ನಂಬಿಕೆಗೆ ಇದಿರಾಗಿ ನಡೆಯಿತು, ಮತ್ತೊಂದು ಅದನ್ನು ಕಾಯಲು ಬಂದಿತು.

ಆದರೆ ನಂಬಿಕೆಯು ಪೇಟೆಯನ್ನು ರೂಪಿಸುವಂತೆ ಪೇಟೆಯೂ ನಂಬಿಕೆಯನ್ನು ತಿದ್ದುತ್ತದೆಂಬುದನ್ನು ಮರೆಯಲಾಗದು. ವೈಶಾಖ ಶುದ್ಧ ತದಿಗೆಯ ಅಕ್ಷಯ ತೃತೀಯೆಯು ಪರಂಪರೆಯಲ್ಲಿ ಮುಖ್ಯವಾಗಿ ದಾನದ ದಿನ. ಅಂದು ಕೊಟ್ಟುದು ಅಕ್ಷಯವಾಗುವುದೆಂದು ನಂಬುಗೆ. ಕಳೆದ ಕೆಲವು ದಶಕಗಳಲ್ಲಿ ವರ್ತಕರ ಜಾಹೀರಾತುಗಳು ಅದನ್ನು ಚಿನ್ನ ಕೊಳ್ಳುವ ದಿನವನ್ನಾಗಿ ಮಾಡಿವೆ. ಸಾಲ ಮಾಡಿಯಾದರೂ ಒಂದು ಗ್ರಾಂ ಕೊಳ್ಳಬೇಕೆನ್ನುವವರಿಗೆ ಆಪದ್ಧನವೇ ಆಪತ್ತಾಗಿ ಪರಿಣಮಿಸುತ್ತದೆ. ಅದೇ ತಿಥಿಯಂದು ಬಸವ ಜಯಂತಿಯನ್ನೂ ಆಚರಿಸುವ ನಾಡಿನಲ್ಲಿ, ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ತತ್ತ್ವವನ್ನು ನೆನೆಯುವವರು ಈ ಬದಲಾವಣೆಯನ್ನು ವಿಚಾರಿಸಿ ನೋಡಬೇಕಾಗಿದೆ.