ಹೈದರಾಬಾದ್ ನಿಧಿಯ ದಾವೆ ಮತ್ತು ನ್ಯಾಯವ್ಯಾಪ್ತಿಯ ತಕರಾರು

ಸಿಕಂದರಾಬಾದಿನಿಂದ ಔರಂಗಾಬಾದಿನ ಮಾರ್ಗವಾಗಿ ಸಾಗುತ್ತಿದ್ದ ನಿಜಾಮ ಸಂಸ್ಥಾನದ ರೈಲು ಕೊನೆಗೊಳ್ಳುತ್ತಿದ್ದುದು ಮನ್ಮಾಡ್‌ನಲ್ಲಿ. ಆ ಊರಾದರೋ ಮುಂಬಯಿ ಪ್ರಾಂತದ ನಾಸಿಕ ಜಿಲ್ಲೆಗೆ ಸೇರಿದ್ದಿತು. ಸಂಸ್ಥಾನದ ಸೊತ್ತು ಗಡಿ ದಾಟಬಲ್ಲುದು, ಅದರ ಅಧಿಕಾರ ದಾಟಲಾರದು ಎಂಬುದಕ್ಕೆ ಇದು ಸಣ್ಣ ನಿದರ್ಶನ. ಇದಕ್ಕಿಂತ ದೊಡ್ಡ ನಿದರ್ಶನ ಲಂಡನ್ನಿನ ಬ್ಯಾಂಕೊಂದರಲ್ಲಿದ್ದ ಹೈದರಾಬಾದಿನ ಹಣ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆ ಸಂಸ್ಥಾನದ ಭಾಗವಾಗಿದ್ದುದರಿಂದ ಕನ್ನಡನಾಡಿನ ಚರಿತ್ರೆಯ ದೃಷ್ಟಿಯಿಂದಲೂ ಈ ಪ್ರಕರಣ ಪರಿಶೀಲನಾರ್ಹವಾಗಿದೆ.

1948ರ ಸೆಪ್ಟೆಂಬರ್ 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕದನವಿರಾಮ ಘೋಷಿಸಿದರು. ಮೂರೇ ದಿನಗಳಲ್ಲಿ, ಅಂದರೆ 20ರಂದು, ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ 10,07,940 ಪೌಂಡುಗಳು ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮ್ತೂಲಾ ಅವರ ಹೆಸರಿಗೆ ವರ್ಗವಾದವು. 27ರಂದು ನಿಜಾಮರು ಹಣವನ್ನು ಮರಳಿ ಕೇಳಿದರು. ಬ್ಯಾಂಕು ಪಾಕಿಸ್ತಾನದ ಒಪ್ಪಿಗೆಯಿಲ್ಲದೆ ಕೊಡಲೊಪ್ಪಲಿಲ್ಲ. ಅವರು 1954ರಲ್ಲಿ ಲಂಡನ್ನಿನಲ್ಲಿ ದಾವೆ ಹೂಡಿದರು.

ಸಾರ್ವಭೌಮ ರಾಷ್ಟ್ರವನ್ನು ಅದರ ಸಮ್ಮತಿಯಿಲ್ಲದೆ ಅನ್ಯರಾಷ್ಟ್ರದ ನ್ಯಾಯಾಲಯ ವಿಚಾರಿಸಲಾಗದೆಂಬುದು ಪಾಕಿಸ್ತಾನದ ತಕರಾರು. ಮೇಲ್ಮನವಿ ನ್ಯಾಯಾಲಯ ಇದನ್ನು ತಳ್ಳಿಹಾಕಿದರೂ 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು. ಖಾತೆಯ ಹಕ್ಕು ರಹಿಮ್ತೂಲಾ ಅವರಲ್ಲಿತ್ತು, ಅವರು ಪಾಕಿಸ್ತಾನದ ಪ್ರತಿನಿಧಿ. ಆದುದರಿಂದ ಅವರ ಮೇಲಿನ ದಾವೆ ಆ ರಾಷ್ಟ್ರದ ಮೇಲಿನ ದಾವೆಯೇ ಆಗುತ್ತದೆ ಎಂಬುದು ತೀರ್ಪಿನ ಆಧಾರ. ಈ ತೀರ್ಪು ಪಾಕಿಸ್ತಾನದ ಒಡೆತನವನ್ನು ಸ್ಥಾಪಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಹಣ ಯಾರದೆಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

ಮುಚ್ಚಿದ ಬಾಗಿಲನ್ನು ತೆರೆದುದು ಪಾಕಿಸ್ತಾನವೇ. 2013ರಲ್ಲಿ ಅದು ಹಣಕ್ಕಾಗಿ ತಾನೇ ದಾವೆ ಹೂಡಿತು. ಬಳಿಕ ಹಿಂತೆಗೆಯಲು ಯತ್ನಿಸಿದಾಗ, ವಿನಾಯಿತಿಯನ್ನು ಅದು ಬಿಟ್ಟುಕೊಟ್ಟಾಗಿದೆ ಎಂದು 2015ರಲ್ಲಿ ನ್ಯಾಯಾಲಯ ಹೇಳಿತು. ಇದು ನ್ಯಾಯಾಲಯಗಳು ವಿಚಾರಿಸತಕ್ಕ ವಿಷಯವಲ್ಲವೆಂಬ ಇನ್ನೊಂದು ತಕರಾರೂ ಮುಂದೆ ನಿಲ್ಲಲಿಲ್ಲ. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅವರು, ಹಣವನ್ನು ನಿಜಾಮರ ಪರವಾಗಿ ನ್ಯಾಸವಾಗಿ ಇರಿಸಲಾಗಿತ್ತೆಂದು ತೀರ್ಪಿತ್ತರು. ಅಷ್ಟರಲ್ಲಿ ಮೊತ್ತ ಸುಮಾರು 3.5 ಕೋಟಿ ಪೌಂಡುಗಳಾಗಿತ್ತು. ನಿಜಾಮರು 1967ರಲ್ಲೇ ತೀರಿಕೊಂಡಿದ್ದರು.

ನಿಜಾಮರ ಮೊಮ್ಮಕ್ಕಳೂ ಭಾರತ ಸರ್ಕಾರವೂ ಮೊದಲೇ ಒಪ್ಪಂದಕ್ಕೆ ಬಂದಿದ್ದುದರಿಂದ, ಆ ಹಣ ಅರಸನ ಖಾಸಗಿ ಸೊತ್ತೋ ಸಂಸ್ಥಾನದ ಬೊಕ್ಕಸದ್ದೋ ಎಂಬುದನ್ನು ಅವರಿಬ್ಬರ ನಡುವೆ ನಿರ್ಣಯಿಸುವ ಅಗತ್ಯ ಬೀಳಲಿಲ್ಲ. ಆ ಬೊಕ್ಕಸಕ್ಕೆ ಕಲಬುರಗಿ, ರಾಯಚೂರು, ಬೀದರದ ರೈತರೂ ಕಂದಾಯ ತೆತ್ತಿದ್ದರು. ನ್ಯಾಯಾಲಯದಲ್ಲಿ ಏಳದ ಆ ಪ್ರಶ್ನೆ ಚರಿತ್ರಕಾರನ ಪಾಲಿಗೆ ಉಳಿದಿದೆ.