763 ರೂಪಾಯಿ ಲೇತ್: ಹಳೇದಾ, ಹೊಸದಾ?

ಭಾಗ 1/4
ಫ್ರೆಂಡ್ಸ್, ಮೊದಲು ಒಂದು ಲೆಕ್ಕ. 1 ಲಕ್ಷದ ಯಂತ್ರಕ್ಕೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 15 ಸವಕಳಿ ಕಳೀತಾ ಹೋದ್ರೆ, 30 ವರ್ಷಕ್ಕೆ ಪುಸ್ತಕದಲ್ಲಿ ಉಳಿಯೋದು ಸುಮಾರು 763 ರೂಪಾಯಿ. ಬಿಕಾಂ ಓದೋ ನನಗೆ ಅದು ಗುಜರಿ. ಆದ್ರೆ ನಮ್ಮ ಮಾವ, ಮನೆ ಹಿಂದಿನ ಶೆಡ್ಡಿಗೆ ಅಂಥದ್ದೇ ಹಳೇ ಲೇತ್ ಬೇಕು ಅಂತ ಹಟ ಹಿಡಿದ್ರು. ಹಾಕ್ತಿರೋದು ನಿವೃತ್ತಿ ದುಡ್ಡು. ಅತ್ತೆ ನನ್ನನ್ನ ಲೆಕ್ಕಕ್ಕೆ ಜೊತೆ ಕಳಿಸಿದ್ರು.

ಭಾಗ 2/4
ಹಟ ಯಾಕೆ? ಇತಿಹಾಸ ನೋಡಿ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಅದರ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್ ಸೇರಿದವು. 1953ರಲ್ಲಿ ಬೆಂಗಳೂರಲ್ಲಿ ಎಚ್‌ಎಂಟಿ ಬಂತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ. ನಮಗೆ ಎಚ್‌ಎಂಟಿ ಅಂದ್ರೆ ವಾಚು. ಆದ್ರೆ ಹೆಸರಲ್ಲೇ ಇರೋದು ‘ಮಷಿನ್ ಟೂಲ್ಸ್’! ಮುಂದೆ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಬಂದ ಮೇಲೆ ಕೈಯಿಂದ ನಡೆಸೋ ಎಷ್ಟೋ ಲೇತ್‌ಗಳು ಕಾರ್ಖಾನೆಯಿಂದ ಹೊರಬಿದ್ದು ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿದವು. ನಮ್ಮ ಅಜ್ಜ ದುಡಿದಿದ್ದು ಹರಿಹರದ ಆ ಕಾರ್ಖಾನೆಯಲ್ಲೇ.

ಭಾಗ 3/4
ನಾನು ಹೊಸದರ ಪರ. ಚಿಕ್ಕ ಹೊಸ ಲೇತ್ ಮನೆಯ ಸಿಂಗಲ್ ಫೇಸ್ ಕರೆಂಟಿಗೇ ಓಡುತ್ತೆ, ವಾರಂಟಿ ಇರುತ್ತೆ, ಇಬ್ಬರು ಸೇರಿ ಎತ್ತಬಹುದು. ಮಾವ ಅಂದ್ರು: “ಎತ್ತೋಕೆ ಹಗುರ ಇದ್ರೆ ಕಬ್ಬಿಣ ಕೊರೆಯುವಾಗ ಅದುರುತ್ತೆ ಕಣೋ.” ಅದೂ ನಿಜವೇ. ಹಳೇದರ ಬೀಡುಕಬ್ಬಿಣದ ತೂಕವೇ ಅದರ ಬಲ. ಆದ್ರೆ ಸಾಮಾನ್ಯವಾಗಿ ಅದಕ್ಕೆ ತ್ರೀ ಫೇಸ್ ಮೋಟರ್. ಜೊತೆಗೆ ಲಾರಿ, ಕ್ರೇನು, ಬಿಡಿಭಾಗ. ಈ ಖರ್ಚೆಲ್ಲ ಸೇರಿಸಿದ್ರೆ ‘ಅಗ್ಗ’ ಅಷ್ಟೇನೂ ಅಗ್ಗ ಅಲ್ಲ.

ಭಾಗ 4/4
ಅಂಗಡಿಯಲ್ಲಿ ಹರಿಹರದ ಹೆಸರಿದ್ದ ಲೇತ್ ಸಿಕ್ಕೇಬಿಡ್ತು. ಹೊಸ ಬಣ್ಣ, ಫಳಫಳ. ಮಾವ ಹೆಸರಿನ ಮೇಲೆ ಕೈ ಸವರಿ ಸುಮ್ಮನೆ ನಿಂತ್ರು. ಆಮೇಲೆ ಕ್ಯಾರೇಜನ್ನ ಚಕ್ ಹತ್ತಿರ ತಂದು, ಅಲ್ಲಿ ಆಟ ಇಲ್ಲದಂಗೆ ಬಿಗಿ ಮಾಡಿ, “ಈಗ ಆ ಕಡೆಗೆ ಸರಿಸು” ಅಂದ್ರು. ಕೊನೆ ಹತ್ತಿರ ಸಿಕ್ಕಿಹಾಕಿಕೊಂಡು ನಿಂತಿತು. ಅಂದ್ರೆ ಹೆಚ್ಚು ಕೆಲಸ ನಡೆಯೋ ಚಕ್ ಪಕ್ಕದ ಬೆಡ್ ಸವೆದಿದೆ, ಕೊನೆ ಸವೆದಿಲ್ಲ. ಅದನ್ನ ಮತ್ತೆ ಗ್ರೈಂಡ್ ಮಾಡಿಸೋದು ದೊಡ್ಡ ಖರ್ಚು.

ಅಜ್ಜನ ಕಾರ್ಖಾನೆ ಲೇತ್. ಆದ್ರೂ ಮಾವ ಅಡ್ವಾನ್ಸ್ ಕೊಡದೆ ಬಂದ್ರು.

ನನ್ನ ಪುಸ್ತಕ ವಯಸ್ಸು ಎಣಿಸುತ್ತೆ, ಸವೆತ ನೋಡಲ್ಲ. ಅಂಗಡಿಯವರ ಬಣ್ಣ ಎರಡನ್ನೂ ಮುಚ್ಚುತ್ತೆ. ಹುಡುಕಾಟ ಇನ್ನೂ ನಡೀತಿದೆ. ಈ ಸಲ ಮೊದಲು ತಳ್ಳಿ ನೋಡೋದು ನಾನು.