ಬರ್ಕ್ಲಿಯ ಬೀಗ

ಹೋದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗಳು ಒಂದು ಫೋಟೋ ಕಳಿಸಿದಳು. ಬರ್ಕ್ಲಿ ಎಂಬ ಊರಿನ ಒಂದು ಬೀದಿ, ಕಂಬದ ಮೇಲೆ ಹೆಸರಿನ ಹಲಗೆ: ‘ಕಲಾ ಬಾಗಾಯ್ ವೇ’. “ಚಿಕ್ಕಮ್ಮಾ, ನಮ್ಮ ದೇಶದ ಹೆಂಗಸಿನ ಹೆಸರು ಇಲ್ಲಿಯ ಬೀದಿಗೆ! ಯಾರು ಇವರು, ಹೇಳು ನೋಡೋಣ” ಎಂದು ಕೆಳಗೆ ಬರೆದಿದ್ದಳು. ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಓದಲು ಕೂರಿಸಿತು.

1915ರಲ್ಲಿ ವೈಷ್ಣೋ ದಾಸ್ ಬಾಗಾಯ್ ಎಂಬ ಪೇಶಾವರದ ಗೃಹಸ್ಥ, ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ. ಬ್ರಿಟಿಷರ ಕೈಕೆಳಗೆ ಬದುಕಲು ಮನಸ್ಸಿಲ್ಲದೆ ಬಂದವನು ಆತ. ಕೈಯಲ್ಲಿ ಸಾಕಷ್ಟು ಹಣವೂ ಇತ್ತು. ಕಲಾ ಇಂಗ್ಲಿಷ್ ಬಾರದ ಇಪ್ಪತ್ತೆರಡರ ಹೆಣ್ಣುಮಗಳು. ಅಲ್ಲಿಯ ಪತ್ರಿಕೆಯವರಿಗೆ ಅವಳ ಮೂಗಿನ ವಜ್ರದ ಹರಳು ಎಷ್ಟು ಸೋಜಿಗವಾಯಿತೆಂದರೆ ಅದರ ಮೇಲೇ ಸುದ್ದಿ ಬರೆದರು. ನಮ್ಮ ಮೂಗುಬೊಟ್ಟು ಅಮೆರಿಕದ ಪತ್ರಿಕೆಗೆ ಸುದ್ದಿಯಾದ ಕಾಲ ಅದು!

ಮುಂದೆ ಈ ದಂಪತಿ ಬರ್ಕ್ಲಿಯಲ್ಲಿ ದುಡ್ಡು ಕೊಟ್ಟು ಮನೆ ಕೊಂಡರು. ಸಾಮಾನು ಸರಂಜಾಮು ಹೇರಿಕೊಂಡು ಮನೆಯ ಮುಂದೆ ಹೋಗಿ ನಿಂತರೆ, ಒಳಗೆ ಹೋಗದಂತೆ ಅಕ್ಕಪಕ್ಕದವರು ಬಾಗಿಲಿಗೆ ಬೀಗ ಹಾಕಿಬಿಟ್ಟಿದ್ದಾರೆ. ಕಂದು ಬಣ್ಣದವರು ತಮ್ಮ ಓಣಿಗೆ ಬೇಡ, ಅಷ್ಟೆ. ಇಂಥ ಜನರ ನಡುವೆ ಮಕ್ಕಳನ್ನು ಸಾಕುವುದು ಬೇಡವೆಂದು ಕಲಾ ಗಂಡನಿಗೆ ಹೇಳಿದಳು. ಹೇರಿಕೊಂಡು ಬಂದ ಸಾಮಾನಿನೊಂದಿಗೇ ಹಿಂದಿರುಗಿದರು.

ಇದನ್ನು ಫೋನಿನಲ್ಲಿ ಹೇಳಿಕೊಂಡಾಗ ಅಕ್ಕನ ಅಳಿಯಂದಿರು ಮಧ್ಯೆ ಬಾಯಿ ಹಾಕಿದರು. ಅವರು ಲಿಬರ್ಟೇರಿಯನ್ ಎಂಬ ಪಂಥದ ಪುಸ್ತಕಗಳನ್ನು ಬಹಳ ಓದಿಕೊಂಡವರು. ಸರ್ಕಾರದ ಕೈ ಆದಷ್ಟೂ ಗಿಡ್ಡವಾಗಿರಬೇಕು, ಅವರವರ ಆಸ್ತಿ, ದುಡಿಮೆ, ಒಪ್ಪಂದ ಅವರವರಿಗೆ ಬಿಟ್ಟದ್ದು ಎನ್ನುವವರು ಇವರು. “ಅತ್ತೆ, ಅಮೆರಿಕದಲ್ಲಿ ಬಣ್ಣದ ಬೇಲಿಗಳನ್ನೆಲ್ಲ ಹಾಕಿದ್ದು ಸರ್ಕಾರವೇ. ಅದು ಸುಮ್ಮನಿದ್ದಿದ್ದರೆ ಜನ ತಾವೇ ಸರಿಹೋಗುತ್ತಿದ್ದರು. ಬೇಕಾದರೆ ಲೂಯಿವಿಲ್ ಕೇಸು ಓದಿ ನೋಡಿ” ಎಂದರು.

ಓದಿದೆ. ಅಳಿಯಂದಿರು ಹೇಳಿದ್ದು ಸುಳ್ಳಲ್ಲ. ಕೆಂಟಕಿ ರಾಜ್ಯದ ಲೂಯಿವಿಲ್ ಪುರಸಭೆ 1914ರಲ್ಲಿ ಒಂದು ಕಾನೂನು ಮಾಡಿತು. ಬಿಳಿಯರೇ ಹೆಚ್ಚಾಗಿರುವ ಬೀದಿಯಲ್ಲಿ ಕರಿಯರು ವಾಸಕ್ಕೆ ಬರಕೂಡದು, ಕರಿಯರ ಬೀದಿಯಲ್ಲಿ ಬಿಳಿಯರೂ ಅಷ್ಟೆ. ಅದನ್ನು ಮುರಿಯಲು ವಿಲಿಯಂ ವಾರ್ಲಿ ಎಂಬ ಕರಿಯರ ಮುಖಂಡ ಒಂದು ಉಪಾಯ ಮಾಡಿದ. ಬುಕ್ಯಾನನ್ ಎಂಬ ಬಿಳಿಯನಿಂದ ನಿವೇಶನ ಕೊಳ್ಳುವ ಕರಾರಾಯಿತು. ಅಲ್ಲಿ ವಾಸಿಸಲು ಕಾನೂನು ಬಿಡದು, ಆದ್ದರಿಂದ ಹಣ ಕೊಡೆನೆಂದು ವಾರ್ಲಿ ಕೂತ. ಬಿಳಿಯನೇ ದಾವೆ ಹೂಡಿದ! ವಾರ್ಲಿಯ ಕಡೆಯವರಿಗೆ ಬೇಕಾಗಿದ್ದೂ ತಾವು ಸೋಲುವುದೇ. ಬಿಳಿಯನ ಪರವಾಗಿ ವಾದಿಸಿದವರು ಮೂರ್‌ಫೀಲ್ಡ್ ಸ್ಟೋರಿ, ಕರಿಯರ ಹಕ್ಕಿನ ಸಂಘವಾದ ಎನ್‌ಎಎಸಿಪಿಯ ಮೊದಲ ಅಧ್ಯಕ್ಷರು. ಮುಕ್ತ ವ್ಯಾಪಾರ, ಸಣ್ಣ ಸರ್ಕಾರ ಎಂದು ನಂಬಿದ್ದ ಹಳೆಯ ಕಾಲದ ಉದಾರವಾದಿ. ನನ್ನ ಸ್ವತ್ತನ್ನು ನಾನು ಯಾರಿಗೆ ಮಾರಬೇಕೆಂದು ಹೇಳಲು ಪುರಸಭೆ ಯಾರು ಎನ್ನುವುದೇ ವಾದದ ತಿರುಳು. 1917ರಲ್ಲಿ ಸುಪ್ರೀಂ ಕೋರ್ಟಿನ ಅಷ್ಟೂ ನ್ಯಾಯಾಧೀಶರು ಒಪ್ಪಿದರು. ಸಮಾನತೆಯ ಹೆಸರಿನಲ್ಲಿ ಗೆಲ್ಲುವುದು ಕಷ್ಟವಾಗಿದ್ದ ಕಾಲದಲ್ಲಿ ಆಸ್ತಿಯ ಹಕ್ಕಿನ ಹೆಸರಿನಲ್ಲಿ ಗೆದ್ದ ಕೇಸು ಅದು. ನನಗೂ ಮೆಚ್ಚುಗೆಯಾಯಿತು.

ಆದರೆ ಬರ್ಕ್ಲಿಯ ಆ ಬೀಗ ತಲೆಯಿಂದ ಹೋಗಲಿಲ್ಲ. ಅದನ್ನು ಹಾಕಿದ್ದು ಯಾವ ಪುರಸಭೆ? ಅಕ್ಕಪಕ್ಕದ ಮನೆಯವರಲ್ಲವೆ?

ನನ್ನದೇ ಒಂದು ನೆನಪು. ಕೆಲಸ ಸಿಕ್ಕಿ ಒಂದು ತಾಲ್ಲೂಕು ಊರಿಗೆ ಹೋದಾಗ ಬಾಡಿಗೆ ಮನೆ ನೋಡಲು ಹೋಗಿದ್ದೆವು. ಮನೆಯಾಕೆ ಅಡುಗೆಮನೆ, ಬಚ್ಚಲು ಎಲ್ಲ ತೋರಿಸಿ, ಕಾಫಿ ಕೊಟ್ಟು, ಲೋಟ ತೆಗೆದುಕೊಳ್ಳುತ್ತಾ “ಅಂದಹಾಗೆ, ನೀವು ಯಾವ ಜನ?” ಎಂದರು. ಹೇಳಿದೆವು. ಸಂಜೆಗೆ ಹೇಳಿಕಳಿಸಿದರು, ಅವರ ಅಣ್ಣನ ಮಗ ಬರುತ್ತಾನಂತೆ, ಮನೆ ಕೊಡಲಾಗದಂತೆ. ವರ್ಷವಿಡೀ ಆ ಮನೆಯ ಮುಂದೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುತ್ತಿದ್ದುದನ್ನು ಶಾಲೆಗೆ ಹೋಗುತ್ತಾ ಬರುತ್ತಾ ನೋಡುತ್ತಿದ್ದೆ. ಆಕೆಗೆ ಹಾಗೆ ಮಾಡೆಂದು ಯಾವ ಸರ್ಕಾರವೂ ಹೇಳಿರಲಿಲ್ಲ.

ಲೂಯಿವಿಲ್ ತೀರ್ಪಾದ ಮೇಲೆ ಅಮೆರಿಕದ ಬಿಳಿಯ ಮನೆಮಾಲೀಕರು ಮಾಡಿದ್ದೂ ಇದೇ. ಕರಿಯರಿಗೆ ಮನೆ ಮಾರುವುದಿಲ್ಲವೆಂದು ಓಣಿಯವರೆಲ್ಲ ಸೇರಿ ಒಪ್ಪಂದ ಬರೆದು ರುಜು ಹಾಕಿದರು. ಸ್ಟೋರಿಯವರು ಅದರ ವಿರುದ್ಧವೂ ಹೋರಾಡಿದರು. ಆದರೆ 1926ರಲ್ಲಿ, ಇದು ಖಾಸಗಿ ಜನರ ಒಪ್ಪಂದ, ಸಂವಿಧಾನ ಇಲ್ಲಿಗೆ ಬರುವುದಿಲ್ಲ ಎಂದುಬಿಟ್ಟಿತು ಸುಪ್ರೀಂ ಕೋರ್ಟು. ಒಪ್ಪಂದದ ಸ್ವಾತಂತ್ರ್ಯ ಎಂಬ ಅದೇ ಕತ್ತಿ ಈಗ ಇವರ ಕಡೆಗೇ ತಿರುಗಿತ್ತು. ಇಂಥ ಒಪ್ಪಂದಗಳಿಗೆ ನ್ಯಾಯಾಲಯಗಳು ಬೆಂಬಲ ಕೊಡಕೂಡದು ಎಂಬ ತೀರ್ಪು ಬರಲು 1948 ಆಗಬೇಕಾಯಿತು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡುವುದೇ ತಪ್ಪೆಂಬ ಕಾನೂನು ಬಂದದ್ದು 1968ರಲ್ಲಿ.

ಬಾಗಾಯ್ ದಂಪತಿಯ ಕಥೆಗೆ ಬರುತ್ತೇನೆ. ವೈಷ್ಣೋ ದಾಸ್ 1921ರಲ್ಲಿ ಅಮೆರಿಕದ ಪ್ರಜೆಯಾದ. ಅಂಗಡಿ ಇಟ್ಟಿದ್ದ, ಸೂಟು ತೊಟ್ಟು ಓಡಾಡುತ್ತಿದ್ದ. ಅಷ್ಟರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖನ ಕೇಸು ಬಂತು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವವೆಂದು ಕಾನೂನಿತ್ತು. ತಾನು ಆರ್ಯ, ಮೇಲ್ಜಾತಿಯವನು, ಆದ್ದರಿಂದ ಬಿಳಿಯ ಎಂದು ಥಿಂಡ್ ವಾದಿಸಿದ. ಮೇಲ್ಜಾತಿಯವರು ಕೆಳಗಿನವರೊಡನೆ ಮದುವೆ ಬೆಳೆಸುವುದಿಲ್ಲ ಎಂಬುದನ್ನೂ ಹೆಚ್ಚುಗಾರಿಕೆಯಾಗಿ ಮುಂದಿಟ್ಟರು. ನಮ್ಮ ಮನೆಯಾಕೆಯ ಪ್ರಶ್ನೆ ಅಷ್ಟು ದೂರ ಪ್ರಯಾಣ ಮಾಡಿತ್ತು, ನೋಡಿ! 1923ರ ಫೆಬ್ರವರಿಯಲ್ಲಿ ತೀರ್ಪು ಬಂತು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ.

ಇದನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ, ಕೈಕೂಸಾಗಿ ವಲಸೆ ಬಂದವರು. ಎರಡೇ ತಿಂಗಳ ನಂತರ ಅವರೇ ಇನ್ನೊಂದು ತೀರ್ಪು ಬರೆದರು. ವಾಷಿಂಗ್ಟನ್ನಿನಲ್ಲಿ ಹೆಂಗಸರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ್ದ ಕಾಯಿದೆಯನ್ನು ಹೊಡೆದುಹಾಕಿದ ತೀರ್ಪು ಅದು. ಹೋಟೆಲಿನಲ್ಲಿ ಲಿಫ್ಟ್ ನಡೆಸುತ್ತಿದ್ದ ಇಪ್ಪತ್ತೊಂದರ ಹುಡುಗಿಯೊಬ್ಬಳ ಸಂಬಳದ ವಿಚಾರ. ಓಟಿನ ಹಕ್ಕು ಬಂದಿರುವ ಹೆಣ್ಣಿಗೆ ತನ್ನ ಕೂಲಿಯ ಕರಾರನ್ನು ತಾನೇ ಮಾಡಿಕೊಳ್ಳುವ ಬುದ್ಧಿಯಿದೆ, ಸರ್ಕಾರ ನಡುವೆ ಬರಬಾರದು ಎಂದರು ಸದರ್‌ಲ್ಯಾಂಡ್. ಲಿಬರ್ಟೇರಿಯನ್ನರಲ್ಲಿ ಹಲವರು ಇಂದಿಗೂ ಮೆಚ್ಚುವ ತೀರ್ಪು. ಹೆಣ್ಣಿನ ಸಂಬಳದ ಹತ್ತಿರ ಬಾರದಿರಲೆಂದು ತಡೆದ ಅದೇ ಸರ್ಕಾರದ ಕೈಯನ್ನು, ಒಬ್ಬ ಮನುಷ್ಯನ ಚರ್ಮದ ಬಣ್ಣ ಅಳೆಯಲು ಅದೇ ಲೇಖನಿ ಬಿಟ್ಟುಕೊಟ್ಟಿತಲ್ಲ!

ವೈಷ್ಣೋ ದಾಸನ ಪೌರತ್ವ ಕಿತ್ತುಕೊಂಡರು. ಕ್ಯಾಲಿಫೋರ್ನಿಯಾದ ಕಾನೂನಿನಡಿ ಆಸ್ತಿಯ ಹಕ್ಕೂ ಹೋಯಿತು. ಊರಿಗೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಕೊಡಲಿಲ್ಲ, ಬ್ರಿಟಿಷ್ ಪ್ರಜೆಯಾಗಿ ಹೋಗೆಂದರು. ಯಾರಿಂದ ತಪ್ಪಿಸಿಕೊಂಡು ಬಂದಿದ್ದನೋ ಅವರ ಮುದ್ರೆ! 1928ರಲ್ಲಿ ಸ್ಯಾನ್ ಹೋಸೆಯ ಒಂದು ಕೋಣೆಯಲ್ಲಿ, ಪತ್ರಿಕೆಗೊಂದು ಕಾಗದ ಬರೆದಿಟ್ಟು, ಪ್ರಾಣ ಕಳೆದುಕೊಂಡ. ಅಳಿಯಂದಿರು ಹೇಳುವಂತೆ ಇದನ್ನು ಮಾಡಿದ್ದು ಸರ್ಕಾರವೇ, ಅನುಮಾನವಿಲ್ಲ. ಬೀಗ ಮಾತ್ರ ಸರ್ಕಾರದ್ದಲ್ಲ. ಆ ಹೆಣ್ಣುಮಗಳು ಎರಡನ್ನೂ ಉಂಡಳು.

ಈ ಪಂಥದವರಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ. ಬ್ಯಾರಿ ಗೋಲ್ಡ್‌ವಾಟರ್ ತಮ್ಮ ಅರಿಜೋನಾದಲ್ಲಿ ಬಣ್ಣದ ಭೇದ ಅಳಿಸಲು ದುಡಿದವರು. ಆದರೂ 1964ರ ನಾಗರಿಕ ಹಕ್ಕುಗಳ ಕಾಯಿದೆಗೆ, ಖಾಸಗಿ ಅಂಗಡಿ, ಹೋಟೆಲು, ನೌಕರಿಯೊಳಗೆ ಕೇಂದ್ರ ಸರ್ಕಾರ ಕೈಹಾಕಬಾರದೆಂದು ವಿರುದ್ಧ ಓಟು ಹಾಕಿದರು. ವಲಸೆಯ ವಿಚಾರಕ್ಕೆ ಬಂದರಂತೂ, ಕೆಲಸ ಕೊಡುವವನಿಗೂ ಮಾಡುವವನಿಗೂ ಒಪ್ಪಿಗೆಯಾದ ಮೇಲೆ ಗಡಿ ಏಕೆ ಎನ್ನುವವರು ಒಂದು ಕಡೆ. ಸರ್ಕಾರ ಬಡವರಿಗೆ ನೆರವು ಹಂಚುತ್ತಿರುವವರೆಗೆ ಬಾಗಿಲು ತೆರೆದಿಡಲಾಗದು ಎಂದ ಮಿಲ್ಟನ್ ಫ್ರೀಡ್‌ಮನ್ ಇನ್ನೊಂದು ಕಡೆ.

ಕಲಾ ಮಾತ್ರ ಅಲ್ಲೇ ಉಳಿದಳು. ಮಕ್ಕಳನ್ನು ಓದಿಸಿದಳು, ಗಂಡನ ಗೆಳೆಯನನ್ನು ಮರುಮದುವೆಯಾದಳು. ಭಾರತೀಯರಿಗೆ ಪೌರತ್ವ ಕೊಡುವ ಕಾಯಿದೆ 1946ರಲ್ಲಿ ಬಂದ ಮೇಲೆ ಪ್ರಜೆಯೂ ಆದಳು. ಲಾಸ್ ಏಂಜಲೀಸಿನಲ್ಲಿ ಊರಿನಿಂದ ಹೊಸದಾಗಿ ಬಂದವರಿಗೆ ಊಟ ಹಾಕುತ್ತಾ, ಎಲ್ಲರಿಗೂ ತಾಯಿಯಂತಾಗಿ, 1983ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಬೀದಿಗೆ ಅವಳ ಹೆಸರಿಡಲು ಬರ್ಕ್ಲಿಯ ನಗರಸಭೆ 2020ರಲ್ಲಿ ತೀರ್ಮಾನಿಸಿತು.

ಇಷ್ಟನ್ನೂ ಅಳಿಯಂದಿರಿಗೆ ಬರೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿದರು. “ಅತ್ತೆ, ನಿಮಗೆ ಆ ಮನೆ ಕೊಡಲಿಲ್ಲವಲ್ಲ, ಆಮೇಲೆ ಎಲ್ಲಿ ಇದ್ದಿರಿ?” ಎಂದು ಕೇಳಿದರು.